ಹಾಸಿಗೆಯಡಿಯ ತುಂಡು

ವೈನಿಲ್ ನೆಲಹಾಸಿನ ಮೇಲೆ ಪಾರದರ್ಶಕ ಪದರ, ಅದರಡಿ ಮರದ ಚಿತ್ರ, ಕೆಳಗೆ ಪಿವಿಸಿ. ಗೀರು ಮೇಲಿನ ಪದರದಲ್ಲೇ ನಿಂತರೆ ನೋಡೋಕಷ್ಟೇ ಕೆಟ್ಟದು. ಪೂರ್ತಿ ಸೀಳಿದರೆ ನೀರಿಗೆ ದಾರಿ. ಕ್ಯಾಂಪರ್ ವ್ಯಾನಿನಲ್ಲಿ ಅದರಡಿ ಇರೋದು ಪ್ಲೈವುಡ್. ನೀರು ಕುಡಿದರೆ ಉಬ್ಬಿ ಕೊಳೆಯುತ್ತೆ.

ಗೆಳೆಯನ ಚಿಕ್ಕಪ್ಪನ ವ್ಯಾನಿನಲ್ಲಿ ಎರಡೂ ಬಗೆ ಇದ್ದವು. ಮಳೆಗಾಲ ಹತ್ತಿರ, ಹೊಸ ನೆಲಕ್ಕೆ ದುಡ್ಡಿಲ್ಲ. ನಾವು ನಾಲ್ವರು ಕೂತೆವು. ಮೊದಲು ಸೀಳಿನೊಳಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿದೆವು. ಪ್ಲೈವುಡ್ ಗಟ್ಟಿ ಇತ್ತು, ಸದ್ಯ!

ಸಣ್ಣ ಗೀರಿಗೆ ಹೇರ್ ಡ್ರೈಯರ್ ಸಾಕಾಯ್ತು. ಬಿಸಿಗೆ ಪಿವಿಸಿ ಮೆತ್ತಗಾಗುತ್ತೆ. ಚಮಚದ ಬೆನ್ನಿನಿಂದ ತೀಡಿದೆವು. ಸೀಳಿಗೆ ತೇಪೆಯೇ ಬೇಕು, ಆದರೆ ಅಂಗಡಿಯಲ್ಲಿ ಅದೇ ಡಿಸೈನ್ ಇಲ್ಲ. ಹಾಸಿಗೆಯಡಿಯ ನೆಲದಿಂದಲೇ ತುಂಡು ತೆಗೆದು, ಸೀಳಿನ ಮೇಲೆ ಟೇಪ್ ಹಾಕಿ ಕೂರಿಸಿ, ಎರಡನ್ನೂ ಒಟ್ಟಿಗೇ ಬ್ಲೇಡಿನಿಂದ ಕೊಯ್ದೆವು. ಹಾಗೆ ಕೊಯ್ದರೆ ಅಳತೆ ತಪ್ಪೋದೇ ಇಲ್ಲ. ಅಡಿಗೆ ಅಂಟು, ಅಂಚಿಗೆ ಸೀಮ್ ಸೀಲರ್. ಅದರ ದ್ರಾವಕ ಎರಡೂ ಅಂಚನ್ನು ತುಸು ಕರಗಿಸಿ ಬೆಸೆಯುತ್ತೆ. ಬಾಗಿಲು ತೆಗೆದಿಟ್ಟೇ ಹಚ್ಚಿ, ಆವಿಗೆ ತಲೆ ಸುತ್ತುತ್ತೆ.

ಹಾಸಿಗೆಯಡಿ ಈಗ ಬೇರೆ ಬಣ್ಣದ ತುಂಡಿದೆ. ಚಿಕ್ಕಪ್ಪ ಬಂದವರಿಗೆಲ್ಲ ಹಾಸಿಗೆ ಎತ್ತಿ ಅದನ್ನೇ ತೋರಿಸ್ತಾರೆ.