ಅಡಿಕೆ ತೋಟದ ಮೇಲೊಂದು ವಿಮಾನ

ಮಂಗಳೂರಿನಿಂದ ಬರುವಾಗ ಮಾಣಿಯಲ್ಲಿ ಬೆಂಗಳೂರು ಹೆದ್ದಾರಿ ಬಿಟ್ಟು ಬಲಕ್ಕೆ ತಿರುಗಿದರೆ ಮೈಸೂರಿನ ದಾರಿ. ಕಬಕ, ಪುತ್ತೂರು, ಕುಂಬ್ರ, ಕನಕಮಜಲು, ಜಾಲ್ಸೂರು, ಸುಳ್ಯ, ಅರಂತೋಡು, ಸಂಪಾಜೆ, ಆಮೇಲೆ ಘಾಟಿ. ಈ ದಾರಿಯಲ್ಲಿ ಒಂದು ಫರ್ಲಾಂಗಿನಾಚೆ ಏನಿದೆಯೆಂದು ಕಾಣುವುದು ಅಪರೂಪ. ಗುಡ್ಡೆ, ತಿರುವು, ತೋಡು, ಅಡಿಕೆ ತೋಟ, ಮತ್ತೆ ಗುಡ್ಡೆ. ಪುತ್ತೂರು, ಸುಳ್ಯ, ಕಡಬ ಈ ಮೂರೂ ತಾಲೂಕುಗಳಲ್ಲಿ ವಿಮಾನ ಇಳಿಯುವ ಜಾಗವಿಲ್ಲ. ಇಲ್ಲಿಯ ಮಕ್ಕಳಿಗೆ ವಿಮಾನವೆಂದರೆ ಮೋಡದ ಮೇಲಿಂದ ಹಾದುಹೋಗುವ ಸದ್ದು, ಇಲ್ಲವೇ ಗಲ್ಫಿನಿಂದ ಬರುವ ಮಾವನನ್ನು ಕರೆತರಲು ಬಜಪೆಗೆ ಹೋದಾಗ ಗೇಟಿನಾಚೆ ಕಂಡ ಬಾಲ.

ಇಂಥ ನೆಲದಲ್ಲಿ ಈಗ ಹಲವು ಮನೆಗಳ ಚಾವಡಿಯಲ್ಲಿ ಮಕ್ಕಳು ವಿಮಾನ ಹಾರಿಸುತ್ತಿದ್ದಾರೆ, ಕಂಪ್ಯೂಟರಿನಲ್ಲಿ. ಫ್ಲೈಟ್ ಸಿಮ್ಯುಲೇಟರ್ ಎಂಬ ಈ ತಂತ್ರಾಂಶ ಹೊಸತಲ್ಲ. ಮೈಕ್ರೋಸಾಫ್ಟ್ ಕಂಪೆನಿಯ ಮೊದಲ ಆವೃತ್ತಿ ಬಂದದ್ದು 1982ರಲ್ಲಿ. ಆಗ ಪರದೆಯ ಮೇಲೆ ಕಾಣುತ್ತಿದ್ದುದು ನಾಲ್ಕು ಗೆರೆಗಳ ಶಿಕಾಗೋ. 2020ರ ಆಗಸ್ಟ್‌ನಲ್ಲಿ ಬಂದ ಆವೃತ್ತಿಯಲ್ಲಿ ಉಪಗ್ರಹದ ಚಿತ್ರಗಳನ್ನೇ ಹಾಸಿದ ಇಡೀ ಭೂಮಂಡಲವಿದೆ. ನೇತ್ರಾವತಿಯೂ ಇದೆ, ಕುಮಾರಧಾರೆಯೂ ಇದೆ. ಊರನ್ನು ಆಕಾಶದಿಂದ ನೋಡುವ ಆಸೆ ಯಾರಿಗಿಲ್ಲ? ಆದರೆ ಮಗರಾಯ ಬರೆದುಕೊಟ್ಟ ಕಂಪ್ಯೂಟರಿನ ಪಟ್ಟಿ ಕೈಗೆ ಬಂದಾಗ ಹೆತ್ತವರ ಎದೆ ಧಸಕ್ಕೆನ್ನುತ್ತದೆ. ಎರಡು ಖಂಡಿ ಅಡಿಕೆ ಮಾರಿದರೂ ಸಾಲದು ಎನ್ನುವ ಪಟ್ಟಿ ಅದು.

ಅಂಥದೊಂದು ಪಟ್ಟಿ ಹಿಡಿದು ಈ ಮೂರು ತಾಲೂಕು ಸುತ್ತಿದ ಅನುಭವ ನನ್ನದು. ಪಟ್ಟಿ ಸಂಪಾಜೆ ಕಡೆಯ ನೆಂಟರ ಮನೆಯ ಹುಡುಗನದು. ದ್ವಿತೀಯ ಪಿಯುಸಿ ವಿಜ್ಞಾನ. ತೋಟಕ್ಕೆ ಹಳದಿ ಎಲೆ ರೋಗ ತಗಲಿ ಫಸಲು ವರ್ಷವರ್ಷವೂ ಇಳಿಯುತ್ತಿರುವ ಮನೆ. ಹುಡುಗನಿಗೆ ಪೈಲಟ್ ಆಗಬೇಕು. "ಯಂತ್ರ ತೆಗೆಸಿಕೊಡುವುದಕ್ಕೆ ಅಡ್ಡಿಯಿಲ್ಲ ಭಾವ, ತೆಗೆದ ಮೇಲೆ ಅದು ಹಾರಬೇಕಲ್ಲ?" ಎಂದರು ಅವನ ಅಪ್ಪ.

ಪುತ್ತೂರಿನಲ್ಲಿ ಕಂಪ್ಯೂಟರ್ ಅಂಗಡಿಗಳಿಗೆ ಕೊರತೆಯಿಲ್ಲ. ಕಾಲೇಜುಗಳ ಊರು, ಮಕ್ಕಳು ಸಾವಿರಗಟ್ಟಲೆ. ಆದರೆ ಅಂಗಡಿಯಲ್ಲಿ "ಗೇಮಿಂಗ್ ಕಂಪ್ಯೂಟರ್" ಎಂದ ಕೂಡಲೇ ಮೊದಲು ತೋರಿಸುವುದು ಬಣ್ಣಬಣ್ಣದ ದೀಪಗಳ ಪೆಟ್ಟಿಗೆ, ಎರಡನೆಯದು ಗ್ರಾಫಿಕ್ಸ್ ಕಾರ್ಡ್. ಇಲ್ಲಿಯೇ ಲೆಕ್ಕ ತಪ್ಪುವುದು. ವಿಮಾನದ ಸಿಮ್ಯುಲೇಟರ್ ಗುಂಡು ಹಾರಿಸುವ ಆಟದಂತಲ್ಲ. ರೆಕ್ಕೆಯ ಮೇಲೆ ಹರಿಯುವ ಗಾಳಿ, ಎಂಜಿನ್, ಹವಾಮಾನ, ಸುತ್ತಮುತ್ತಲಿನ ಬೇರೆ ವಿಮಾನಗಳು, ಇವುಗಳ ಲೆಕ್ಕವನ್ನೆಲ್ಲ ಪ್ರೊಸೆಸರ್ ಪ್ರತಿ ಕ್ಷಣವೂ ಮಾಡಬೇಕು. ಅದರಲ್ಲಿ ಬಹುಪಾಲು ಒಂದೇ ಸಾಲಿನಲ್ಲಿ, ಒಂದರ ಹಿಂದೆ ಒಂದು.

ನಮ್ಮ ಕಡೆಯ ಜಂಬಾರಗಳನ್ನು ನೆನೆಸಿಕೊಂಡರೆ ಇದು ಬೇಗ ಅರ್ಥವಾಗುತ್ತದೆ. ಪ್ರೊಸೆಸರ್ ಅಡುಗೆಭಟ್ಟರು, ಗ್ರಾಫಿಕ್ಸ್ ಕಾರ್ಡ್ ಬಡಿಸುವವರು. ಪಾಯಸ ಇನ್ನೂ ಒಲೆಯ ಮೇಲಿರುವಾಗ ಬಡಿಸಲು ಇಪ್ಪತ್ತು ಜನ ಸೌಟು ಹಿಡಿದು ನಿಂತರೆ ಪ್ರಯೋಜನವೇನು? ದೊಡ್ಡ ನಗರಗಳ ಮೇಲೆ, ದೊಡ್ಡ ವಿಮಾನ ನಿಲ್ದಾಣಗಳ ಬಳಿ ಚಿತ್ರ ತಡವರಿಸುವುದು ಹೆಚ್ಚಾಗಿ ಈ ಕಾರಣಕ್ಕೆ. ಹದಿನಾರು ಕೋರ್‌ಗಳ ಪ್ರೊಸೆಸರ್‌ಗಿಂತ, ಆರೋ ಎಂಟೋ ಕೋರ್‌ಗಳಿದ್ದು ಒಂದೊಂದೂ ಚುರುಕಾಗಿರುವ ಪ್ರೊಸೆಸರ್ ಇಲ್ಲಿ ಮೇಲು. ಎಎಂಡಿ ಕಂಪೆನಿಯ, ಹೆಸರಿನ ಕೊನೆಗೆ 'ಎಕ್ಸ್3ಡಿ' ಎಂದಿರುವ ಪ್ರೊಸೆಸರ್‌ಗಳನ್ನು ಸಿಮ್ಯುಲೇಟರ್ ಪ್ರಿಯರು ಹೊಗಳುವುದು ಸುಮ್ಮನೆ ಅಲ್ಲ. ಅವುಗಳಲ್ಲಿ ಪ್ರೊಸೆಸರಿನ ಒಳಗೇ ಇರುವ ಕ್ಯಾಶ್ ಎಂಬ ಸ್ಮರಣೆ ದೊಡ್ಡದು; ಭಟ್ಟರು ಸಾಸಿವೆಗಾಗಿ ಪದೇ ಪದೇ ಉಗ್ರಾಣಕ್ಕೆ ಓಡಬೇಕಾಗಿಲ್ಲ. ಆದರೆ ಬೆಲೆ ಹೆಚ್ಚು. ರೈಜೆನ್ 5 5600 ಅಥವಾ ಇಂಟೆಲ್ ಐ5 12400 ಮಟ್ಟದ್ದಿದ್ದರೂ ವಿದ್ಯಾರ್ಥಿಯೊಬ್ಬನಿಗೆ ಧಾರಾಳ.

ಗ್ರಾಫಿಕ್ಸ್ ಕಾರ್ಡ್ ಎಷ್ಟು ದೊಡ್ಡದು ಬೇಕೆನ್ನುವುದನ್ನು ನಿರ್ಧರಿಸುವುದು ಪರದೆ. ಸಾಮಾನ್ಯ 1080ಪಿ ಪರದೆಯಲ್ಲಿ ಸುಮಾರು 20 ಲಕ್ಷ ಚುಕ್ಕೆಗಳು. 4ಕೆ ಪರದೆಯಲ್ಲಿ ಸುಮಾರು 83 ಲಕ್ಷ. ಪರದೆ ಬದಲಾದರೆ ಕಾರ್ಡಿನ ಕೆಲಸ ನಾಲ್ಕು ಪಾಲು. ಆದ್ದರಿಂದ 1080ಪಿ ಪರದೆ, 8 ಜಿಬಿ ಸ್ವಂತ ಸ್ಮರಣೆಯ ಮಧ್ಯಮ ದರ್ಜೆಯ ಕಾರ್ಡು ಸಾಕು. ಸೆಕೆಂಡಿಗೆ 30 ಚಿತ್ರಗಳು ಏರಿಳಿತವಿಲ್ಲದೆ ಬಂದರೆ ವಿಮಾನ ಚೆನ್ನಾಗಿ ಹಾರುತ್ತದೆ. 90 ಬಂದು ನಡುವೆ ತಟ್ಟನೆ 15ಕ್ಕೆ ಇಳಿದರೆ ಇಳಿಯುವ ಹೊತ್ತಿಗೆ ಚಕ್ರ ನೆಲಕ್ಕೆ ಬಡಿಯುತ್ತದೆ. ಬೆಲೆಗಳನ್ನು ಇಲ್ಲಿ ಬರೆಯುತ್ತಿಲ್ಲ. ಅಡಿಕೆ ಧಾರಣೆಯ ಹಾಗೆ ಅವೂ ವಾರಕ್ಕೊಂದು.

ಪುತ್ತೂರಿನಿಂದ ಸವಣೂರು, ಕುದ್ಮಾರು ದಾಟಿ, ಶಾಂತಿಮೊಗರು ಸೇತುವೆಯಲ್ಲಿ ಕುಮಾರಧಾರೆಯನ್ನು ಹಾದು, ಆಲಂಕಾರಿನ ಮೇಲೆ ಕಡಬಕ್ಕೆ ಹೋಗಬಹುದು. ಹಿಂದೆ ಪುತ್ತೂರು ತಾಲೂಕಿಗೆ ಸೇರಿದ್ದ ಕಡಬ ಈಗ ತಾನೇ ಒಂದು ತಾಲೂಕು. ಸುಬ್ರಹ್ಮಣ್ಯವೂ ಸುಳ್ಯ ಬಿಟ್ಟು ಇದರ ಪಾಲಿಗೆ ಬಂದಿದೆ. ದಾರಿಯುದ್ದಕ್ಕೂ ಮೊಬೈಲಿನ ಗೆರೆಗಳನ್ನು ಗಮನಿಸುತ್ತ ಹೋಗಿ. ನಾಲ್ಕು, ಮೂರು, ಒಂದು, ಸೊನ್ನೆ, ಮತ್ತೆ ಗುಡ್ಡೆಯ ನೆತ್ತಿಯಲ್ಲಿ ಮೂರು. ಯಾವ ಕಂಪ್ಯೂಟರ್ ಎನ್ನುವುದಕ್ಕಿಂತ ಮೊದಲು ಯಾವ ಸಿಮ್ಯುಲೇಟರ್ ಎನ್ನುವ ಪ್ರಶ್ನೆ ಏಳುವುದು ಇಲ್ಲಿ.

ಮೈಕ್ರೋಸಾಫ್ಟಿನ ಭೂಮಂಡಲ ಅಷ್ಟೂ ನಿಮ್ಮ ಮನೆಯ ಪೆಟ್ಟಿಗೆಯಲ್ಲಿರುವುದಿಲ್ಲ. ಹಾರುತ್ತಿದ್ದ ಹಾಗೆ ಕೆಳಗಿನ ನೆಲದ ಚಿತ್ರ ಅಂತರ್ಜಾಲದ ಮೂಲಕ ಹರಿದುಬರುತ್ತದೆ. 2020ರ ಆವೃತ್ತಿಗೆ ಡಿಸ್ಕಿನಲ್ಲಿ 150 ಜಿಬಿ ಜಾಗ ಬೇಕಿತ್ತು, ಕನಿಷ್ಠ ವೇಗ ಸೆಕೆಂಡಿಗೆ 5 ಮೆಗಾಬಿಟ್ ಸಾಕಿತ್ತು. 2024ರ ನವೆಂಬರಿನಲ್ಲಿ ಬಂದ ಆವೃತ್ತಿಗೆ ಡಿಸ್ಕಿನಲ್ಲಿ 50 ಜಿಬಿ ಸಾಕು. ಆದರೆ ಕನಿಷ್ಠ ವೇಗ 10 ಮೆಗಾಬಿಟ್, ಕಂಪೆನಿ ಶಿಫಾರಸು ಮಾಡುವುದು 50. ಡಿಸ್ಕಿನಲ್ಲಿ ಉಳಿದದ್ದು ತಂತಿಯಲ್ಲಿ ಹೋಯಿತು. 10 ಮೆಗಾಬಿಟ್ ವೇಗ ಪೂರ್ತಿ ಬಳಕೆಯಾದರೆ ಗಂಟೆಗೆ ನಾಲ್ಕೂವರೆ ಜಿಬಿ. ದಿನಕ್ಕೆ ಒಂದೂವರೆ ಎರಡು ಜಿಬಿಯ ಮೊಬೈಲ್ ಪ್ಯಾಕಿನಲ್ಲಿ ಬಜಪೆಯಿಂದ ಹೊರಟರೆ ಉಪ್ಪಿನಂಗಡಿಯ ಸುತ್ತಮುತ್ತಲೇ ನೆಲ ಮಸುಕಾದೀತು. 2021ರ ಮಳೆಗಾಲದಲ್ಲಿ ಗುತ್ತಿಗಾರು ಕಡೆ ರಸ್ತೆಬದಿಯಲ್ಲಿ ಕುಳಿತು ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತ ಚಿತ್ರ ದೇಶವನ್ನೆಲ್ಲ ಸುತ್ತಿತು. ಅದಾದ ಮೇಲೆ ಎಷ್ಟೋ ಮನೆಗಳಿಗೆ ಫೈಬರ್ ಬಂದಿದೆ. ಆದರೆ ಮರ ಬಿದ್ದು ತಂತಿ ತುಂಡಾದರೆ ದಿನಗಟ್ಟಲೆ ಕಾಯುವ ಮನೆಗಳೂ ಇವೆ.

ಹಾಗಾಗಿ ಫೈಬರ್ ಇಲ್ಲದ ಮನೆಗೆ ಎಕ್ಸ್-ಪ್ಲೇನ್ ವಾಸಿ. ಬೇಕಾದ ಭೂಭಾಗವನ್ನು ಒಮ್ಮೆ ಇಳಿಸಿಕೊಂಡರೆ ಮುಗಿಯಿತು, ನೆಲ ಮನೆಯಲ್ಲೇ ಇರುತ್ತದೆ. ಮಂಗಳೂರಿನ ಚಿಕ್ಕಮ್ಮನ ಮನೆಯಲ್ಲಿ ಎರಡು ದಿನ ಕುಳಿತು ಇಳಿಸಿಕೊಂಡು ಡಿಸ್ಕಿನಲ್ಲಿ ತರಬಹುದು. ನೆಲದ ಚೆಲುವು ಮೈಕ್ರೋಸಾಫ್ಟಿನಷ್ಟಿಲ್ಲ. ವಿಮಾನದ ನಡವಳಿಕೆಯಲ್ಲಿ ಅದನ್ನೇ ಮೆಚ್ಚುವವರು ಬಹಳ. ಮೂರನೆಯದು ಫ್ಲೈಟ್‌ಗಿಯರ್. ಇದು ಪೂರ್ತಿ ಉಚಿತ, ಸಾಧಾರಣ ಕಂಪ್ಯೂಟರಿನಲ್ಲೂ ನಡೆಯುತ್ತದೆ. ಪಟ್ಟಿ ಕೊಟ್ಟ ಹುಡುಗನಿಗೆ ನಾನು ಮೊದಲು ಹಾಕಿಕೊಟ್ಟದ್ದು ಇದನ್ನೇ, ಅಕ್ಕ ಓದಿ ಬಿಟ್ಟ ಹಳೆಯ ಲ್ಯಾಪ್‌ಟಾಪಿನಲ್ಲಿ. ಒಂದು ತಿಂಗಳು ಹಾರಿಸಲಿ. ನಾಲ್ಕನೆಯ ದಿನಕ್ಕೇ ಬೇಸರ ಬಂದರೆ ಅಪ್ಪನ ಹಣ ಉಳಿಯಿತು. ಅವನಿಗೆ ಬೇಸರ ಬರಲಿಲ್ಲ.

ಇನ್ನು ಸುಳ್ಯ. ಎಂಜಿನಿಯರಿಂಗ್ ಕಾಲೇಜಿನ ಹುಡುಗರು ಲ್ಯಾಪ್‌ಟಾಪ್ ಒಳ್ಳೆಯದೋ ಡೆಸ್ಕ್‌ಟಾಪೋ ಎಂದು ವಾದಿಸುವ ಊರು. ಸಿಮ್ಯುಲೇಟರಿಗೆ ಡೆಸ್ಕ್‌ಟಾಪೇ ಸರಿ. ಒಂದೇ ಹೆಸರಿನ ಗ್ರಾಫಿಕ್ಸ್ ಚಿಪ್ ಲ್ಯಾಪ್‌ಟಾಪಿನೊಳಗೆ ಕಡಿಮೆ ವಿದ್ಯುತ್ತಿನಲ್ಲಿ, ಹೆಚ್ಚು ಬಿಸಿಯಲ್ಲಿ ನಡೆಯಬೇಕು. ಎರಡನೆಯ ಕಾರಣ ಇನ್ನೂ ಮುಖ್ಯ. ಸಿಡಿಲು ಬಡಿದರೆ ಡೆಸ್ಕ್‌ಟಾಪಿನಲ್ಲಿ ಸುಟ್ಟ ಭಾಗವನ್ನಷ್ಟೇ ಬದಲಿಸಬಹುದು.

ಸಿಡಿಲಿನ ಮಾತು ಬಂದದ್ದರಿಂದ ಸ್ವಲ್ಪ ನಿಲ್ಲುತ್ತೇನೆ. ಬೆಂಗಳೂರಿನವರ ಪಟ್ಟಿಯಲ್ಲಿ ಈ ಬಾಬು ಇರುವುದೇ ಇಲ್ಲ. ಘಟ್ಟದ ಬುಡದ ಈ ಊರುಗಳಲ್ಲಿ ಏಪ್ರಿಲ್–ಮೇ ಸಂಜೆಗಳ ಮತ್ತು ಅಕ್ಟೋಬರ್–ನವೆಂಬರಿನ ಗುಡುಗು ಎಂಥದೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಯುಪಿಎಸ್ ಇದೆಯಲ್ಲ ಎಂದು ಧೈರ್ಯವಾಗಿ ಕೂರಬೇಡಿ; ಹತ್ತಿರದ ಸಿಡಿಲಿಗೆ ಅದೂ ಆಹುತಿ. ಮೊದಲ ಗುಡುಗಿಗೇ ಗೋಡೆಯ ಪ್ಲಗ್ಗು ಕಳಚಬೇಕು, ರೌಟರಿನ ಪ್ಲಗ್ಗೂ ಕಳಚಬೇಕು, ರೌಟರಿನಿಂದ ಬರುವ ತಂತಿಯನ್ನೂ ಕಿತ್ತಿಡಬೇಕು. ಭೂಸಂಪರ್ಕದ ಗುಂಡಿಯನ್ನೊಮ್ಮೆ ನೋಡಿ. ಮುರಕಲ್ಲಿನ ನೆಲ ಬೇಸಗೆಯಲ್ಲಿ ಒಣಗಿ ಕಲ್ಲಾಗುತ್ತದೆ. ಇದ್ದಿಲು, ಉಪ್ಪು ಹಾಕಿ ಮಾಡಿದ ಗುಂಡಿಗೆ ಆಗಾಗ ಒಂದು ಕೊಡ ನೀರು ಹೊಯ್ಯುವುದು ಯಾವ ಗ್ರಾಫಿಕ್ಸ್ ಕಾರ್ಡಿಗಿಂತಲೂ ಅಗ್ಗದ ಸುಧಾರಣೆ.

ಯುಪಿಎಸ್ ಆರಿಸುವಾಗ ವಿಎ ನೋಡಿ ಮೋಸ ಹೋಗಬೇಡಿ, ವ್ಯಾಟ್ ನೋಡಿ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ 600 ವಿಎ ಯುಪಿಎಸ್ ಹೊರುವುದು 360 ವ್ಯಾಟ್ ಆಸುಪಾಸು. ಸಿಮ್ಯುಲೇಟರ್ ನಡೆಯುವಾಗ ಮಧ್ಯಮ ದರ್ಜೆಯ ಕಂಪ್ಯೂಟರ್, ಪರದೆ ಎರಡೂ ಸೇರಿ 300ರ ಸುತ್ತ ಎಳೆಯುತ್ತವೆ. 1000 ವಿಎಗೆ ಕಡಿಮೆ ಬೇಡ. ಮನೆಯ ಇನ್ವರ್ಟರಿಗೇ ಸೇರಿಸುವುದಾದರೆ ಅದು ಸೈನ್ ವೇವ್ ನಮೂನೆಯದಾಗಿರಲಿ. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರಿಗೆ ಬದಲಾಗುವ ಕ್ಷಣದಲ್ಲೇ ಕೆಲವು ಕಂಪ್ಯೂಟರುಗಳು ಆರಿಹೋಗುತ್ತವೆ. ಫೆಬ್ರವರಿಯಿಂದ ಮೇವರೆಗೆ ತೋಟದ ಪಂಪುಗಳೆಲ್ಲ ಓಡುವಾಗ ವೋಲ್ಟೇಜು ಕುಸಿಯುವುದು ಇನ್ನೊಂದು ಕಷ್ಟ. ಪೆಟ್ಟಿಗೆಯೊಳಗಿನ ಎಸ್‌ಎಂಪಿಎಸ್ ಒಳ್ಳೆಯ ಕಂಪೆನಿಯದಿದ್ದರೆ ಅದು ಇಂಥ ಕುಸಿತವನ್ನು ತಡೆದುಕೊಳ್ಳುತ್ತದೆ. ಇದರಲ್ಲಿ ಮಾತ್ರ ಜಿಪುಣತನ ಕೂಡದು. ಮಳೆಗಾಲದಲ್ಲಿ ದಿನಕ್ಕೆ ಅರ್ಧ ಗಂಟೆಯಾದರೂ ಯಂತ್ರ ನಡೆಯಲಿ, ಒಳಗೆ ಬೂಷ್ಟು ಹಿಡಿಯುವುದಿಲ್ಲ. ಅಡಿಕೆ ಸುಲಿಯುವ ಜಾಗದಿಂದ ದೂರವಿರಲಿ. ಹಲ್ಲಿಗಳಿಗೆ ಬೆಚ್ಚನೆಯ ಎಸ್‌ಎಂಪಿಎಸ್ ಎಂದರೆ ತವರುಮನೆ.

ಇಷ್ಟಾದ ಮೇಲೆ ಉಳಿದ ಹಣದಲ್ಲಿ ಮೊದಲು ಕೊಳ್ಳಬೇಕಾದ್ದು ಜಾಯ್‌ಸ್ಟಿಕ್. ಹುಡುಗನ ಪಟ್ಟಿಯಲ್ಲಿ ಅದು ಇರಲೇ ಇಲ್ಲ! ಕೀಲಿಮಣೆಯಲ್ಲಿ ವಿಮಾನ ಹಾರಿಸುವುದೆಂದರೆ ಸ್ವಿಚ್ಚು ಒತ್ತಿ ಕಾರು ತಿರುಗಿಸಿದ ಹಾಗೆ. ಲಾಜಿಟೆಕ್ ಎಕ್ಸ್‌ಟ್ರೀಮ್ 3ಡಿ ಪ್ರೊ ರೀತಿಯ, ಹಿಡಿಯನ್ನು ತಿರುಚಿದರೆ ರಡ್ಡರ್ ಚಲಿಸುವ ಸರಳ ಜಾಯ್‌ಸ್ಟಿಕ್ ಸಾಕು.

ಅದು ಏಕೆ ಬೇಕೆಂಬುದು ಬಜಪೆಯಲ್ಲಿ ಇಳಿಯುವಾಗ ಗೊತ್ತಾಗುತ್ತದೆ. ಗುಡ್ಡದ ತಲೆ ತರಿದು ಮಾಡಿದ ನಿಲ್ದಾಣ ಅದು. 2450 ಮೀಟರಿನ ದೊಡ್ಡ ರನ್‌ವೇ, ಅದರಾಚೆ ಕಣಿವೆ. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ವಿಮಾನ ಇಲ್ಲಿ ರನ್‌ವೇ ದಾಟಿ ಕೆಳಗುರುಳಿ 158 ಮಂದಿ ತೀರಿಕೊಂಡರು, ಬದುಕಿದ್ದು ಎಂಟೇ ಜನ. ಕರಾವಳಿಯ ಎಷ್ಟೋ ಮನೆಗಳಲ್ಲಿ ಆ ದಿನ ಇನ್ನೂ ಮಾಸಿಲ್ಲ. ಇಳಿಯುವ ಹದ ತಪ್ಪಿದ್ದರೂ, ಮತ್ತೆ ಮೇಲೇರೋಣವೆಂದು ಸಹ ಪೈಲಟ್ ಮೂರು ಬಾರಿ ಹೇಳಿದರೂ ಕ್ಯಾಪ್ಟನ್ ಇಳಿಯುವ ಯತ್ನ ಕೈಬಿಡಲಿಲ್ಲವೆಂದು ತನಿಖಾ ನ್ಯಾಯಾಲಯ ಹೇಳಿತು. ಹಾಗಾಗಿ ಹುಡುಗನಿಗೆ ನಾನು ಕೊಟ್ಟ ಮೊದಲ ಅಭ್ಯಾಸ ಇಳಿಯುವುದಲ್ಲ, ಇಳಿಯದೆ ಮೇಲೇರುವುದು. ಹದ ತಪ್ಪಿತು ಎನಿಸಿದ ಕೂಡಲೇ ಥ್ರಾಟಲ್ ಪೂರ್ತಿ ಮುಂದಕ್ಕೆ, ಮೂತಿ ಮೇಲಕ್ಕೆ, ಇನ್ನೊಂದು ಸುತ್ತು. ಇದಕ್ಕೆ 4ಕೆ ಪರದೆ ಬೇಕಾಗಿಲ್ಲ. ತಡವರಿಸದ ಚಿತ್ರ, ಕೈಯಲ್ಲೊಂದು ಹಿಡಿ ಇದ್ದರೆ ಸಾಕು.

ಅಪ್ಪನ ಪ್ರಶ್ನೆ ಬೇರೆಯದಿತ್ತು. "ಇದರಲ್ಲಿ ಹಾರಿಸಿದ್ದು ಮುಂದೆ ಲೆಕ್ಕಕ್ಕೆ ಬರುತ್ತದೋ ಭಾವ?" ಬರುವುದಿಲ್ಲ. ವಾಣಿಜ್ಯ ಪೈಲಟ್ ಪರವಾನಗಿಗೆ 200 ಗಂಟೆಗಳ ಹಾರಾಟ ಬೇಕು. ಮನೆಯ ಮೇಜಿನ ಮುಂದಿನ ಗಂಟೆಗಳು ಅದಕ್ಕೆ ಸೇರುವುದಿಲ್ಲ. ಉಪಕರಣ ಓದುವುದು, ಭಾಷೆ, ಕ್ರಮ, ಇವು ಅಭ್ಯಾಸವಾಗುತ್ತವೆ, ಅಷ್ಟೆ. ಆ ತರಬೇತಿಯ ಖರ್ಚು ಹತ್ತಾರು ಲಕ್ಷದ ಮಾತು. ಅದಕ್ಕೂ ಮೊದಲು ಕಣ್ಣು, ಕಿವಿ, ಬಣ್ಣ ಗುರುತಿಸುವ ಶಕ್ತಿ, ಎಲ್ಲವನ್ನೂ ನೋಡುವ ವೈದ್ಯಕೀಯ ಪರೀಕ್ಷೆಯಿದೆ. ಎರಡನೆಯ ದರ್ಜೆಯದನ್ನು ವಿಮಾನಯಾನ ಮಹಾನಿರ್ದೇಶನಾಲಯ ಒಪ್ಪಿದ ವೈದ್ಯರಲ್ಲಿ ಮಾಡಿಸಬೇಕು, ಆಮೇಲೆ ಮೊದಲ ದರ್ಜೆಯದು. ಎರಡನೆಯ ದರ್ಜೆಯದನ್ನು ಮಾಡಿಸಿ, ಅದು ಸರಿಹೋದ ಮೇಲೆ ಕಂಪ್ಯೂಟರ್ ತೆಗೆಯಿರಿ ಎಂದೆ. ಹುಡುಗನ ಮುಖ ಒಂದಿಷ್ಟು ಸಪ್ಪಗಾಯಿತು. ಆದರೆ ಮರುವಾರವೇ ಅಪ್ಪ ಮಗ ಬೆಂಗಳೂರಿಗೆ ಹೋಗಿ ಪರೀಕ್ಷೆ ಮಾಡಿಸಿ ಬಂದರು. ತೇರ್ಗಡೆ.

ಪಟ್ಟಿ ಅರ್ಧಕ್ಕಿಳಿದು, ಪುತ್ತೂರಿನಲ್ಲಿ ಜೋಡಿಸಿದ ಪೆಟ್ಟಿಗೆ ಸಂಪಾಜೆಗೆ ಬಂತು. ಎಕ್ಸ್-ಪ್ಲೇನ್ ಹಾಕಿ ಸಣ್ಣ ಸೆಸ್ನಾ ವಿಮಾನದಲ್ಲಿ ಬಜಪೆಯಿಂದ ಹೊರಟೆವು. ನೇತ್ರಾವತಿ ಹಿಡಿದು ಉಪ್ಪಿನಂಗಡಿ. ಅಲ್ಲಿಂದ ಕುಮಾರಧಾರೆಯ ಜಾಡಿನಲ್ಲಿ ಕಡಬ. ಎದುರಿಗೆ 1712 ಮೀಟರಿನ ಕುಮಾರಪರ್ವತ. ಬಲಕ್ಕೆ ತಿರುಗಿ ಸುಳ್ಯ, ಪಯಸ್ವಿನಿ. ಬಸ್ಸಿನಲ್ಲಿ ಅರ್ಧ ದಿನ ತಿನ್ನುವ ಸುತ್ತು ಮುಕ್ಕಾಲು ಗಂಟೆಯೊಳಗೆ ಮುಗಿಯಿತು. ಅಪ್ಪ ಕನ್ನಡಕ ಸರಿಪಡಿಸಿಕೊಂಡು ಪರದೆಯ ಹತ್ತಿರ ಬಂದು, ತಮ್ಮ ಮನೆ ಇರಬೇಕಾದ ಕಣಿವೆಯನ್ನು ಬಹಳ ಹೊತ್ತು ನೋಡಿದರು. ಅಲ್ಲಿ ಮನೆಯಿರಲಿಲ್ಲ; ಹಸಿರು ಕಾಡುಮರಗಳು ಒತ್ತೊತ್ತಾಗಿ ನಿಂತಿದ್ದವು.

"ತೋಟ ಹಳದಿಯಾಗಿಲ್ಲವಲ್ಲ," ಎಂದರು. ಮಗ ನಕ್ಕು ವಿಮಾನವನ್ನು ಮಡಿಕೇರಿಯ ಕಡೆಗೆ ತಿರುಗಿಸಿದ.