ಎರಡೂವರೆ ನಿಮಿಷ

ನಮ್ಮ ಸಿದ್ದಾಪುರದಲ್ಲಿ ನೀರು ಬಿಟ್ಟಾಗ ಎಲ್ಲರೂ ಒಟ್ಟಿಗೆ ನಲ್ಲಿ ತಿರುಗಿಸಿದರೆ ಕೊನೆಯ ಮನೆಗೆ ಬರುವುದು ಬರೀ ಗಾಳಿ. ಇಂಟರ್‌ನೆಟ್ಟಿನ ಕಥೆಯೂ ಇದೇ ಎಂಬುದು ನನಗೆ ತಿಳಿದದ್ದು ಮಕ್ಕಳನ್ನು ರೋಬಾಟ್ ಸ್ಪರ್ಧೆಗೆ ಕರೆದುಕೊಂಡು ಹೋದಾಗ.

ಫಸ್ಟ್ ಲೆಗೋ ಲೀಗ್ ಎಂಬ ಸ್ಪರ್ಧೆಯ ಮಾದರಿ ನಿಮಗೂ ಗೊತ್ತಿರಬಹುದು. ಮಕ್ಕಳು ತಾವೇ ಜೋಡಿಸಿ, ತಾವೇ ಪ್ರೋಗ್ರಾಂ ಬರೆದ ಪುಟ್ಟ ಯಂತ್ರವನ್ನು ಮೇಜಿನ ಮೇಲೆ ಓಡಿಸಬೇಕು. ಒಂದು ಸುತ್ತಿಗೆ ಇರುವುದು ಎರಡೂವರೆ ನಿಮಿಷ. ವರ್ಷದ ದುಡಿಮೆಯೆಲ್ಲ ಅಷ್ಟರೊಳಗೆ ಕಾಣಬೇಕು!

ನಮ್ಮ ತಂಡದ ಹುಡುಗಿಯೊಬ್ಬಳ ತಾಯಿ ಜಯನಗರದಲ್ಲಿ ನಾಲ್ಕು ಮನೆಯ ಕೆಲಸ ಮಾಡುವವರು. ರಜೆ ಹಾಕಿದರೆ ಸಂಬಳಕ್ಕೆ ಕತ್ತರಿ. ಗಂಡನಿಗೋ ಇದೆಲ್ಲ ಹುಡುಗಾಟಿಕೆ. ಮಗಳನ್ನು ತಂಡದಿಂದ ಬಿಡಿಸುವ ಮಾತೂ ನಡೆದಿತ್ತು. “ಫೋನಲ್ಲಿ ತೋರಿಸ್ತೀರಾ ಮಿಸ್? ನಾನು ನೋಡಿದ್ರೆ ಅವರಿಗೆ ಹೇಳೋಕಾಗುತ್ತೆ” ಎಂದಿದ್ದರು.

ಸಭಾಂಗಣದಲ್ಲಿ ಎಲ್ಲ ತಾಯ್ತಂದೆಯರ ಕೈಯಲ್ಲೂ ಫೋನು. ಒಂದೇ ವೈಫೈಗೆ, ಒಂದೇ ಟವರಿಗೆ ಎಲ್ಲರೂ ಜೋತುಬಿದ್ದರೆ ಏನಾದೀತು? ಇಳಿಸಿಕೊಳ್ಳುವ ವೇಗ ಬೇರೆ, ಕಳಿಸುವ ವೇಗ ಬೇರೆ. ಅನೇಕ ಸಂಪರ್ಕಗಳಲ್ಲಿ ಕಳಿಸುವ ಪೈಪೇ ಸಣ್ಣದು. ಸ್ಪಷ್ಟ ಚಿತ್ರಕ್ಕೆ ಸೆಕೆಂಡಿಗೆ ಎರಡು ಮೂರು ಮೆಗಾಬಿಟ್ ಬೇಕು. ಗುಣಮಟ್ಟವನ್ನು 360ಕ್ಕೆ ಇಳಿಸಿದರೆ ಒಂದರೊಳಗೆ ಸಾಗುತ್ತದೆ. ದನಿಗಾದರೆ ಅದರ ಹತ್ತರಲ್ಲೊಂದು ಪಾಲೂ ಬೇಡ.

ಯಂತ್ರ ಹೊರಡುವ ಹೊತ್ತಿಗೆ ಸರಿಯಾಗಿ ಚಿತ್ರ ಕಲ್ಲಾಯಿತು. ನಾನು ಚಿತ್ರವನ್ನು ಆರಿಸಿ ಮಾತಿಗೇ ನಿಂತೆ. ಆಕಾಶವಾಣಿಯ ಕ್ರಿಕೆಟ್ ವೀಕ್ಷಕ ವಿವರಣೆ ಕೇಳಿ ಬೆಳೆದ ಕಾಲದವಳಲ್ಲವೇ! “ಹೊರಡ್ತಮ್ಮಾ… ಬಲಕ್ಕೆ ತಿರುಗ್ತು… ಅಯ್ಯೋ, ಗೋಡೆಗೆ ತಾಗ್ತು… ಇಲ್ಲ, ಸರಿಹೋಯ್ತು. ನಿಮ್ಮ ಮಗಳು ಒಂದು ಚೂರೂ ಗಾಬರಿಯಾಗಿಲ್ಲ.” ಆ ಕಡೆ ಪಾತ್ರೆಗಳ ಸದ್ದು ನಿಂತಿತು. ನಮ್ಮ ಇನ್ನೊಬ್ಬ ಹುಡುಗ ಬೇರೆ ಫೋನಿನಲ್ಲಿ ಎಲ್ಲವನ್ನೂ ಚಿತ್ರೀಕರಿಸಿಕೊಂಡ. ಸಂಜೆ, ಜನ ಕರಗಿದ ಮೇಲೆ, ಅದು ಸಲೀಸಾಗಿ ಹೋಯಿತು.

ಬಹುಮಾನ ಬರಲಿಲ್ಲ. ಆದರೆ ಮಾರನೆಯ ದಿನ ಹುಡುಗಿ, “ಅಪ್ಪ ಮೂರು ಸಲ ನೋಡಿದ್ರು ಮಿಸ್, ಗೋಡೆಗೆ ಯಾಕೆ ತಾಗ್ತು ಅಂತ ಕೇಳಿದ್ರು” ಎಂದಳು. ಬಿಡಿಸುವ ಮಾತು ಆಮೇಲೆ ಏಳಲಿಲ್ಲ.

2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದದ್ದನ್ನು ಯೂಟ್ಯೂಬಿನಲ್ಲಿ ಏಕಕಾಲಕ್ಕೆ 80 ಲಕ್ಷ ಮಂದಿ ನೋಡಿದರು. ಚಂದ್ರನನ್ನೇ ಮನೆಗೆ ತಂದ ಊರು ನಮ್ಮದು. ಸ್ಪರ್ಧೆ ನಡೆಸುವವರು ಪ್ರಸಾರಕ್ಕೆಂದೇ ಒಂದು ತಂತಿಯ ಸಂಪರ್ಕವನ್ನು ಮೀಸಲಿಟ್ಟು, ಪ್ರತಿ ಸುತ್ತನ್ನೂ ಚಿತ್ರೀಕರಿಸಿ ಸಂಜೆ ಮನೆಗಳಿಗೆ ಕಳಿಸಿದರೆ ಸಾಕು. ಕೆಲಸ ಬಿಟ್ಟು ಬರಲಾರದ ತಾಯಂದಿರಿಗೂ ಮಗಳ ಎರಡೂವರೆ ನಿಮಿಷ ದಕ್ಕೀತು.