ಏಳು ಮಾತ್ರೆಯ ಗೆಳೆತನ

ಕೆಲವರ ಪರಿಚಯ ಮೊದಲ ದಿನವೇ ಗೆಳೆತನವಾಗುತ್ತದೆ. ಇನ್ನು ಕೆಲವರೊಡನೆ ಹತ್ತು ಸಲ ಒಂದೇ ಬೆಂಚಿನ ಮೇಲೆ ಕುಳಿತ ಮೇಲಷ್ಟೇ ಮಾತು ಹುಟ್ಟುತ್ತದೆ. ಸಂಗೀತದ ಸಂಗತಿಯೂ ಹೀಗೆಯೇ. ಎರಡನೆಯ ಜಾತಿಗೆ ಸೇರಿದ ಒಂದು ಇಂಗ್ಲಿಷ್ ರೆಕಾರ್ಡಿನ ವಿಚಾರ ಇದು. ಕನ್ನಡ ಮೇಷ್ಟರಿಗೆ ಈ ಉಸಾಬರಿ ಏಕೆ ಎನ್ನುವವರು ಕೊಂಚ ತಾಳಬೇಕು. ದಾರಿ ಕುಮಾರವ್ಯಾಸನ ಮನೆಯ ಮುಂದೆಯೇ ಹಾಯುತ್ತದೆ.

ನನ್ನ ಮನೆ ಚಳ್ಳಕೆರೆಯಲ್ಲಿ, ಪಾಠ ಹೇಳುವ ಕಾಲೇಜು ಮೊಳಕಾಲ್ಮೂರಿನಲ್ಲಿ. ದಿನವೂ ಬಸ್ಸು. ತಳಕು, ಬಿ.ಜಿ. ಕೆರೆ, ಹಾನಗಲ್ಲು ಒಂದಾದ ಮೇಲೊಂದು ಬರುತ್ತವೆ. ನಡುವೆ ಶೇಂಗಾದ ಹೊಲ, ಬೋಳುಗುಡ್ಡ, ಕುರಿಮಂದೆ. ಈ ದಾರಿಗೆಂದು, ಬೆಂಗಳೂರಿನಲ್ಲಿ ಓದುವ ಮಗ ನನ್ನ ಮೊಬೈಲಿನಲ್ಲಿ ಪಿಂಕ್ ಫ್ಲಾಯ್ಡ್ ತಂಡದ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ತುಂಬಿಕೊಟ್ಟ. 1973ರಲ್ಲಿ ಹೊರಬಂದದ್ದು; 1988ರೊಳಗೆ ಅಮೆರಿಕದ ಜನಪ್ರಿಯತೆಯ ಪಟ್ಟಿಯಲ್ಲಿ 741 ವಾರ ಕಳೆದದ್ದು. “ಅಪ್ಪಾ, ಒಂದು ಸಲ ಕೇಳಿ ಬಿಟ್ಟುಬಿಡಬೇಡಿ” ಎಂದಿದ್ದ.

ಮೊದಲ ದಿನ ಕೇಳಿಸಿದ್ದು ಎದೆಬಡಿತ, ಯಾರದೋ ನಗು, ನಾಣ್ಯದ ಸದ್ದು. ಯಾವ ಹಾಡು ಎಲ್ಲಿ ಮುಗಿದು ಯಾವುದು ಎಲ್ಲಿ ತೊಡಗಿತೆಂದು ತಿಳಿಯಲಿಲ್ಲ. ಊರು ದಾಟುತ್ತಲೇ ಹತ್ತಿದ ತೂಕಡಿಕೆಯನ್ನು ಒಮ್ಮೆಗೇ ಬಾರಿಸಿದ ಗಡಿಯಾರಗಳು ಕೆಡಿಸಿದವು. ಆದರೂ ಸುಮಾರು 43 ನಿಮಿಷದ ಆ ರೆಕಾರ್ಡು ನನ್ನ ಪ್ರಯಾಣದೊಳಗೆ ಸರಿಯಾಗಿ ಹಿಡಿಯುತ್ತಿತ್ತು, ಕೇಳುತ್ತ ಹೋದೆ.

ಮೊದಲು ತೆರೆದ ಬಾಗಿಲು ಮಾತಿಲ್ಲದ್ದು. ಒಂದೆಡೆ ಕ್ಲೇರ್ ಟೋರಿ ಎಂಬಾಕೆ ಒಂದು ಪದವನ್ನೂ ಆಡದೆ ಹಾಡುತ್ತಾಳೆ. ಆಲಾಪನೆ ಕೇಳಿ ಬೆಳೆದ ಕಿವಿಗೆ ಅಲ್ಲಿ ಭಾಷಾಂತರ ಬೇಕಾಗಲಿಲ್ಲ. ಆಮೇಲೊಂದು ದಿನ ‘ಮನಿ’ ಎಂಬ ಹಾಡು ಬಂದಾಗ, ಮುಂದಿನ ಸೀಟಿನ ಕಂಬಿಯ ಮೇಲೆ ನನ್ನ ಬೆರಳು ತಾನಾಗಿ ಎಣಿಸತೊಡಗಿತು. ಏಳು! ಔಷಧದ ಅಂಗಡಿಯ ಮಾತ್ರೆಯಲ್ಲ, ಛಂದಸ್ಸಿನ ಮಾತ್ರೆ. ಅವರು ಅದನ್ನು ಹೇಗೆ ಒಡೆಯುತ್ತಾರೋ, ನನ್ನ ಬೆರಳು ಮಾತ್ರ ಮೂರು-ನಾಲ್ಕು, ಮೂರು-ನಾಲ್ಕು ಎಂದೇ ಒಡೆಯಿತು. ಅದು ಭಾಮಿನಿ ಷಟ್ಪದಿಯ ನಡಿಗೆಯಲ್ಲವೆ? ನಾಣ್ಯ, ಹರಿಯುವ ಕಾಗದ, ಅಂಗಡಿಯ ಗಲ್ಲಾಯಂತ್ರ, ಇವುಗಳ ಸದ್ದನ್ನು ಟೇಪಿನಲ್ಲಿ ಹಿಡಿದು, ಕತ್ತರಿಸಿ, ಏಳು ಪೆಟ್ಟಿಗೆ ಸರಿಯಾಗಿ ಅಂಟಿಸಿದ್ದರಂತೆ. ನಡುವೆ ಗಿಟಾರಿನ ಸರದಿಯಲ್ಲಿ ಹಾಡು ನಾಲ್ಕಕ್ಕೆ ಹೊರಳುತ್ತದೆ. ಸಂತೆ ಮುಗಿಸಿದವನು ಮನೆಗೆ ಬರುವಂತೆ ಮತ್ತೆ ಏಳಕ್ಕೆ ಮರಳುತ್ತದೆ.

ಅಲ್ಲಿಂದ ಉಳಿದದ್ದೂ ಬಿಚ್ಚಿಕೊಂಡಿತು. ಆರಂಭದ ಎದೆಬಡಿತವೇ ಕೊನೆಯಲ್ಲೂ ಇದೆ. ಒಂದು ಆಯುಸ್ಸು ಅವೆರಡರ ನಡುವೆ. ಕಾಲವನ್ನು ಕುರಿತ ಹಾಡನ್ನು ಬರೆದಾಗ ರೋಜರ್ ವಾಟರ್ಸನಿಗೆ ಮೂವತ್ತು ತುಂಬಿರಲಿಲ್ಲ. ನಲವತ್ತೇಳರ ನಾನು ಅದನ್ನು ಕೇಳಿ, ಕಿಟಕಿಯಾಚೆ ಹಿಂದೆ ಓಡುವ ಗುಡ್ಡಗಳನ್ನು ನೋಡುತ್ತ ಬಹಳ ಹೊತ್ತು ಸುಮ್ಮನಿದ್ದೆ.

ಈ ಅನುಭವ ಬಸ್ಸಿನಲ್ಲೇ ಉಳಿಯದೆ ನನ್ನ ಹಿಂದೆ ತರಗತಿಗೂ ಬಂತು. ಪದ್ಯವನ್ನು ಒಮ್ಮೆ ಓದುತ್ತಲೇ “ಸಾರ್, ಅರ್ಥ ಬರೆಸಿಬಿಡಿ” ಎನ್ನುತ್ತಾರೆ ಹುಡುಗರು. ಅವರನ್ನು ದೂರಲಾರೆ; ಪರೀಕ್ಷೆ ಕೇಳುವುದೂ ಅರ್ಥವನ್ನೇ. ಆದರೆ ಅರ್ಥ ನೋಟುಪುಸ್ತಕ ಸೇರಿದ ಗಳಿಗೆಯಲ್ಲೇ ಪದ್ಯ ಕಿವಿಯಿಂದ ಜಾರುತ್ತದೆ. ಭಾಷೆಯ ಪತ್ರಿಕೆ ಮುಗಿದ ಮೇಲೆ ಇವರಲ್ಲಿ ಬಹುಮಂದಿ ಷಟ್ಪದಿಯನ್ನು ಮತ್ತೆ ಮುಟ್ಟುವುದೇ ಇಲ್ಲ. ಬಾಳಿನಲ್ಲಿ ಅವರು ಕುಮಾರವ್ಯಾಸನನ್ನು ಕೇಳುವುದು ನನ್ನ ಬಾಯಿಂದ ಮಾತ್ರ ಎಂದುಕೊಂಡರೆ ಎದೆ ಭಾರವಾಗುತ್ತದೆ.

ಆದ್ದರಿಂದ ಈಗ ಅರ್ಥವನ್ನು ಮುಂದೂಡುತ್ತೇನೆ. ಒಂದೇ ಪದ್ಯವನ್ನು ಮೂರು ದಿನ, ಬೆರಳಲ್ಲಿ ಮೇಜು ತಟ್ಟುತ್ತ, ಗಟ್ಟಿಯಾಗಿ ಓದುತ್ತೇನೆ. ಮೊದಲ ದಿನ ನಗುತ್ತಾರೆ, ಎರಡನೆಯ ದಿನ ಆಕಳಿಸುತ್ತಾರೆ. ಮೊಳಕಾಲ್ಮೂರು ರೇಷ್ಮೆ ಸೀರೆಯ ಊರು. ಮಗ್ಗದ ಲಯ ಕೇಳುತ್ತಲೇ ಬೆಳೆದ ಮಕ್ಕಳು ತರಗತಿಯಲ್ಲಿದ್ದಾರೆ. ಅಂಥ ಮನೆಯ ಹುಡುಗಿಯೊಬ್ಬಳು ಮೂರನೆಯ ದಿನ ಎದ್ದುನಿಂತು, “ಅರ್ಥ ಆಗಲಿಲ್ಲ ಸಾರ್, ಆದರೆ ಇನ್ನೊಂದು ಸಲ ಓದಿ” ಎಂದಳು.

ಓದಿದೆ. ಅರ್ಥಕ್ಕೆ ಇನ್ನೂ ದಿನಗಳಿವೆ.